ಕುರಿಮರಿಯ ಆರಂಭಿಕ ಶಿಲ್ಕು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಕುರಿ ಹಿಂಡು ರಸ್ತೆಗೆ ಅಡ್ಡ ಬರುವುದು ಹೊಸದಲ್ಲ. ಬೇಸಿಗೆಯ ಒಣ ಹುಲ್ಲಿನಲ್ಲೂ ಅವು ಬದುಕುತ್ತವೆ. ಆದರೆ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಕುರಿಗೇ ಇಲ್ಲ. ಆ ಕೆಲಸ ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳದ್ದು.

ಆಗ ತಾನೇ ಹುಟ್ಟಿದ ಮರಿಯಲ್ಲಿ ಈ ಜೀವಿಗಳು ಇಲ್ಲವೆನ್ನುವಷ್ಟು ಕಡಿಮೆ. ಕುರಿಯ ಹೊಟ್ಟೆಗೆ ನಾಲ್ಕು ಭಾಗ. ಮೊದಲನೆಯದಾದ ರೂಮೆನ್ ದೊಡ್ಡ ಕುರಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಮರಿಯಲ್ಲಿ ಪುಟ್ಟ ಚೀಲ. ಕುಡಿದ ಹಾಲು ಅದನ್ನು ದಾಟಿ ನೇರ ನಾಲ್ಕನೆಯ ಭಾಗಕ್ಕೆ ಹೋಗುತ್ತದೆ.

ಹಾಗಾದರೆ ಸೂಕ್ಷ್ಮಜೀವಿಗಳು ಬರುವುದೆಲ್ಲಿಂದ? ಹೆರಿಗೆಯ ದಾರಿಯಲ್ಲಿ ಕೆಲವು, ತಾಯಿ ಮೈ ನೆಕ್ಕುವಾಗ ಕೆಲವು, ಕೆಚ್ಚಲಿನಿಂದ, ರೊಪ್ಪದ ಮಣ್ಣು ಹಿಕ್ಕೆಯಿಂದ ಇನ್ನಷ್ಟು. ನಾವು ಕೊಳಕು ಎನ್ನುವುದೇ ಮರಿಗೆ ಬಂಡವಾಳ! ಅಕೌಂಟೆನ್ಸಿಯ ಮಾತಿನಲ್ಲಿ ಹೇಳಿದರೆ ಇದೇ ಆರಂಭಿಕ ಶಿಲ್ಕು. ನಾರು ಕರಗಿಸುವ ಬ್ಯಾಕ್ಟೀರಿಯಾ ಮೊದಲ ವಾರದಲ್ಲೇ, ಮರಿ ಹುಲ್ಲು ಮುಟ್ಟುವ ಮೊದಲೇ, ಬಂದು ಕೂತಿರುತ್ತವೆ. ಪ್ರೊಟೊಜೋವಾಗಳು ಮಾತ್ರ ಬೇರೆ ಕುರಿಗಳ ಜೊಲ್ಲಿನ ಮೂಲಕವೇ ಬರಬೇಕು. ಹುಟ್ಟಿದ ಕೂಡಲೇ ಬೇರೆ ಮಾಡಿ ಒಂಟಿಯಾಗಿ ಸಾಕಿದ ಮರಿಯಲ್ಲಿ ಅವು ಇರುವುದೇ ಇಲ್ಲ.

ಗಿಣ್ಣು ಹಾಲಿನ ಲೆಕ್ಕ ಬೇರೆ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಕಣಗಳು ಗರ್ಭದಲ್ಲೇ ಮಗುವಿಗೆ ಸಿಗುತ್ತವೆ. ಕುರಿ, ಮೇಕೆ, ಹಸುಗಳಲ್ಲಿ ಹಾಗಲ್ಲ, ಎಲ್ಲವೂ ಗಿಣ್ಣು ಹಾಲಿನಿಂದಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಸುಮಾರು 24 ಗಂಟೆಯಲ್ಲಿ ಮುಚ್ಚುತ್ತದೆ. ನಮ್ಮ ಮನೆಯಲ್ಲೂ ಗಿಣ್ಣು ಎಂದರೆ ಪ್ರಾಣ. ಆದರೆ ಮೊದಲ ದಿನದ ಹಾಲು ಕರುವಿನದು, ಮಿಕ್ಕಿದ್ದಷ್ಟೇ ನಮ್ಮದು.

ಹೀಗೆ ಒಂದರಿಂದ ಒಂದಕ್ಕೆ ದಾಟುವ ಜೀವಿಗಳು ಎಷ್ಟು ಮುಖ್ಯ ಎನ್ನುವುದಕ್ಕೆ ಸುಬಾಬುಲ್ ಮರದ ಕಥೆ ಇದೆ. ಅದರ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಆಸ್ಟ್ರೇಲಿಯಾದ ದನಗಳು ಅದನ್ನು ಹೆಚ್ಚು ತಿಂದರೆ ಕೂದಲು ಉದುರಿ ಸೊರಗುತ್ತಿದ್ದವು. ಹವಾಯಿ ದ್ವೀಪದ ಮೇಕೆಗಳಿಗೆ ಏನೂ ಆಗುತ್ತಿರಲಿಲ್ಲ. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಇದನ್ನು ಗಮನಿಸಿದರು. 1980ರ ದಶಕದಲ್ಲಿ ಹವಾಯಿ ಮೇಕೆಗಳ ರೂಮೆನ್ನಿನ ಜೀವಿಗಳನ್ನು ಆಸ್ಟ್ರೇಲಿಯಾದ ಪ್ರಾಣಿಗಳಿಗೆ ಕೊಡಲಾಯಿತು. ವಿಷ ಕರಗಿತು. ಆಮೇಲೆ ಅವೇ ಜೀವಿಗಳು ಹಿಂಡಿನ ಉಳಿದ ದನಗಳಿಗೂ ತಾವಾಗಿ ಹರಡಿದವು. ಆ ಬ್ಯಾಕ್ಟೀರಿಯಾದ ಹೆಸರು ಈಗ ಸಿನರ್ಜಿಸ್ಟಿಸ್ ಜೋನ್ಸೀ.