ಊರ ಹೆಸರಿನಲ್ಲಿ ಅಡಗಿದ ಇಂಗ್ಲಿಷು

ಇಂಗ್ಲಿಷೆಂದರೆ ಅಳುಕುವ ನಮ್ಮಂಥವರಿಗೆ ಪದಗಳನ್ನು ಉರು ಹಚ್ಚುವುದಕ್ಕಿಂತ ಮೇಲಾದ ಅಭ್ಯಾಸವೊಂದುಂಟು: ಗೊತ್ತಾದ ಅಕ್ಷರಗಳೆಲ್ಲ ಅಡಗಿರುವ ಉದ್ದನೆಯ ಪದವನ್ನು ಹುಡುಕುವುದು. ಇದಕ್ಕೆ ನಿಘಂಟು ನೆರವಾಗದು. ಅದು ಮೊದಲಕ್ಷರದ ದಾಸ. ವಿರಳವಾದ ಅಕ್ಷರವನ್ನೂ 'ಷಿಪ್', 'ಲೈಕ್' ಮೊದಲಾದ ಪದಾಂತ್ಯಗಳನ್ನೂ ಹಿಡಿದು ಹೊರಡಬೇಕು.

ನಾನು ನಮ್ಮ ಊರುಗಳನ್ನೇ ಆರಿಸಿಕೊಂಡೆ. ಮಸ್ಕಿಯ ಎಂ, ಎ, ಎಸ್, ಕೆ, ಐಗಳಲ್ಲಿ ವಿರಳವಾದುದು 'ಕೆ'. ಅದನ್ನು ಹಿಡಿದರೆ 'ವರ್ಕ್‌ಮನ್‌ಷಿಪ್', ಅಂದರೆ ಕೆಲಸದ ಕುಶಲತೆ, ಸಿಕ್ಕುತ್ತದೆ. 1915ರಲ್ಲಿ ಅಶೋಕನ ಶಿಲಾಶಾಸನ ಬೆಳಕಿಗೆ ಬಂದ ಊರಿಗೆ ಒಪ್ಪುವ ಮಾತೇ! 'ಅನ್‌ಸ್ಪೋರ್ಟ್ಸ್‌ಮನ್‌ಲೈಕ್' 15 ಅಕ್ಷರಗಳಷ್ಟು ಉದ್ದವಿದೆ. ಆದರೆ ಆಟಗಾರನಿಗೆ ತಕ್ಕುದಲ್ಲದ್ದು ಎಂಬ ಅದರ ಅರ್ಥವನ್ನು ಮಸ್ಕಿಯ ಮಿತ್ರರೆದುರು ಹೇಳಲಾರೆ.

ಲಿಂಗಸುಗೂರಿನಲ್ಲಿ ಮರುಕಳಿಸಿದ ಅಕ್ಷರಗಳನ್ನು ಬಿಟ್ಟರೆ ಉಳಿಯುವ ಎಂಟರಿಂದ 'ಸಿಂಗ್ಯುಲರ್', ನಮ್ಮ ಏಕವಚನ, ಒಂದೂ ಹೆಚ್ಚುಕಡಿಮೆಯಿಲ್ಲದೆ ಮೂಡುತ್ತದೆ. ಭತ್ತದ ನಾಡಾದ ಸಿಂಧನೂರಿಗೆ 'ಹಸ್ಬೆಂಡ್ರಿ', ಎಂದರೆ ಬೇಸಾಯ, ಹೊಂದೀತೆಂದು ನೋಡಿದರೆ 'ಐ' ಒಂದೇ ಕೊರತೆ. ಬಹುವಚನ ಮಾಡಿದೊಡನೆ ಅದೂ ಬಂದು ಕೂಡಿತು.