ತರಗತಿಯಲ್ಲಿ ಧರ್ಮ: ಬೋಧನೆಯೇ, ತಿಳಿವಳಿಕೆಯೇ?

ಸರ್ಕಾರಿ ಪ್ರೌಢಶಾಲೆಯಲ್ಲಿ ಧರ್ಮದ ಮಾತೆತ್ತಲು ಶಿಕ್ಷಕರು ಹಿಂಜರಿಯುವುದುಂಟು. ಕಾರಣವಿಲ್ಲದೆ ಇಲ್ಲ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅನುದಾನಿತ ಶಾಲೆಗಳಲ್ಲಿಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅಂಥ ಬೋಧನೆಗೆ ಕೂರಿಸುವಂತಿಲ್ಲ.

ಆದರೆ ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 1964-66ರ ಕೊಠಾರಿ ಆಯೋಗ ಈ ವ್ಯತ್ಯಾಸವನ್ನು ಗುರುತಿಸಿತ್ತು. ಧರ್ಮಗಳ ಅಧ್ಯಯನಕ್ಕೆ 28ನೇ ವಿಧಿ ಅಡ್ಡಿಯಲ್ಲವೆಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

'ರಂಜಾನ್ ತಿಂಗಳಲ್ಲಿ ಮುಸ್ಲಿಮರು ಹಗಲು ಉಪವಾಸವಿರುತ್ತಾರೆ' ಎಂದರೆ ತಿಳಿವಳಿಕೆ; 'ನೀವೂ ಇರಿ' ಎಂದರೆ ಬೋಧನೆ. ಸತ್ಯಕ್ಕೆ ಹಲವು ಮುಖಗಳಿವೆಯೆನ್ನುವ ಜೈನರ ಅನೇಕಾಂತವಾದವನ್ನು ವಿವರಿಸಿ ಚರ್ಚೆಗೆ ಬಿಟ್ಟರೆ ಅದು ತತ್ವಶಾಸ್ತ್ರದ ಪಾಠ. ಪರೀಕ್ಷೆಯಲ್ಲಿ ಗೆಳೆಯನಿಗೆ ಉತ್ತರ ತೋರಿಸುವುದು ಸ್ನೇಹವೋ ಮೋಸವೋ ಎಂದು ವಾದಿಸಲು ಹಚ್ಚಿದರೆ ಅದೇ ನೀತಿಪಾಠ.

ವಿಜ್ಞಾನದ ತರಗತಿಯಲ್ಲಿ 'ಏಕೆ?' ಎಂದು ಕೇಳುವ ಮಗುವಿಗೆ ಶಹಬ್ಬಾಸ್ ಎನ್ನುವ ಶಾಲೆ, ಇಲ್ಲಿ ಮಾತ್ರ ಅದರ ಬಾಯಿ ಮುಚ್ಚಿಸಬಾರದು. ಪರಧರ್ಮದ ಬಗ್ಗೆ ಬೀದಿಯಲ್ಲಿ ಅರೆಬರೆ ಮಾತು ಮಕ್ಕಳ ಕಿವಿಗೆ ಬೀಳುತ್ತಲೇ ಇರುತ್ತದೆ. ಶಾಲೆ ಮೌನವಾದರೆ ಅವರಿಗೆ ಅದೇ ಪಾಠವಾಗಿ ಉಳಿಯುತ್ತದೆ.