ಒಂದು ಸಲಕ್ಕೆ ಒಂದೇ ಕೆಲಸ

ಬೆಳಗಿನ ನೂಕುನುಗ್ಗಲಿನಲ್ಲಿ ಕಾವಲಿಯ ಮುಂದೆ ನಿಂತ ದೋಸೆಭಟ್ಟರನ್ನು ಗಲ್ಲಾಕ್ಕೆ ಕರೆಯುವ ಯಜಮಾನರುಂಟೆ? ಕರೆದರೆ ದೋಸೆಯೂ ಸೀಯುವುದು, ಲೆಕ್ಕವೂ ತಪ್ಪುವುದು. ಹೊಟೇಲಿನ ಮಾಣಿಗೂ ತಿಳಿದಿರುವ ಈ ಮಾತು ಗಣಕಯಂತ್ರದ ಕಚೇರಿಗಳಲ್ಲಿ ಆಗಾಗ ಮರೆತುಹೋಗುತ್ತದೆ.

ವಿಶಾಖಪಟ್ಟಣದ ಋಷಿಕೊಂಡದಲ್ಲಿಯೂ ವಿಜಯವಾಡದ ಸಮೀಪದ ಗನ್ನವರದಲ್ಲಿಯೂ ಇಂದು ಸಾಫ್ಟ್‌ವೇರ್ ಕಚೇರಿಗಳು ಎದ್ದು ನಿಂತಿವೆ. ಗನ್ನವರದ ಬಳಿ ಎಚ್‌ಸಿಎಲ್ ನೆಲಸಿದೆ. 2023ರಲ್ಲಿ ಇನ್ಫೋಸಿಸ್ ವಿಶಾಖಪಟ್ಟಣದಲ್ಲಿ ಕಚೇರಿ ತೆರೆಯಿತು. ತಟ್ಟೆ ಎತ್ತಿ, ಲೆಡ್ಜರು ಬರೆದು ಮಕ್ಕಳನ್ನು ಓದಿಸಿದ ನಮ್ಮವರ ಆಸೆ ಇಂಥ ಉದ್ಯೋಗಗಳ ಮೇಲಿದೆ. ಆದುದರಿಂದ ಅಲ್ಲಿಯ ಕೆಲಸದ ರೀತಿ ನಮಗೂ ಸಂಬಂಧಪಟ್ಟ ವಿಷಯವೇ.

ಹೊಸ ಪ್ರೋಗ್ರಾಮು ಬರೆಯುತ್ತಿರುವ ಹುಡುಗನೇ ಹಳೆಯದರ ದೋಷವನ್ನು ತಿದ್ದಬೇಕು, ನಡುವೆ ಗಿರಾಕಿಯ ಫೋನಿಗೂ ಉತ್ತರ ಹೇಳಬೇಕು ಎಂಬ ವಾಡಿಕೆ ಈ ಉದ್ಯೋಗದಲ್ಲಿ ಉಂಟು. ಇದರಿಂದ ಕೆಲಸ ಬೇಗ ಸಾಗುವುದೆಂಬುದು ಭ್ರಮೆ. ತಲಾ ಮೂರು ದಿನ ಹಿಡಿಯುವ ಮೂರು ಕೆಲಸಗಳಿವೆಯೆನ್ನೋಣ. ಒಂದಾದ ಮೇಲೊಂದು ಮಾಡಿದರೆ ಅವು 3, 6, 9ನೆಯ ದಿನಗಳಲ್ಲಿ ಮುಗಿಯುವುವು. ದಿನಕ್ಕೊಂದರಂತೆ ಸರದಿಯಲ್ಲಿ ಮಾಡಿದರೆ 7, 8, 9ನೆಯ ದಿನಗಳಲ್ಲಿ. ದುಡಿಮೆ ಅಷ್ಟೇ; ಆದರೆ ಮೊದಲನೆಯ ಗಿರಾಕಿ ನಾಲ್ಕು ದಿನ, ಎರಡನೆಯವನು ಎರಡು ದಿನ ಹೆಚ್ಚಾಗಿ ಕಾಯಬೇಕು. ಬೈಗುಳ ಮಾತ್ರ ಹುಡುಗನಿಗೆ!

ಮನಸ್ಸಿಗಾಗುವ ನಷ್ಟ ಬೇರೆ. ಅರ್ಧಕ್ಕೆ ಬಿಟ್ಟು ಬಂದ ಕೆಲಸದಲ್ಲಿ ಮನಸ್ಸಿನ ಒಂದಂಶ ಸಿಕ್ಕಿಕೊಂಡೇ ಇರುವುದೆಂದು ಸೋಫಿ ಲೆರಾಯ್ ಎಂಬವರು 2009ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತು. ಉದ್ದದ ಮೊತ್ತವನ್ನು ಕೂಡುವಾಗ ಯಾರಾದರೂ ಮಾತನಾಡಿಸಿದರೆ ಪುನಃ ಮೊದಲಿನಿಂದ ಕೂಡಬೇಕಾದ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರೋಗ್ರಾಮು ಬರೆಯುವ ತಂಡವು ಶಸ್ತ್ರವೈದ್ಯರ ತಂಡದಂತಿರಬೇಕೆಂದು ಅಮೆರಿಕದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು: ಮುಖ್ಯ ಕೆಲಸಕ್ಕೆ ಒಬ್ಬ, ಅವನ ಸುತ್ತ ತಮ್ಮ ತಮ್ಮ ಕೆಲಸದಲ್ಲಿ ನುರಿತವರು. ದೂರು ಕೇಳಲು ಸರದಿಯ ಮೇಲೆ ಒಬ್ಬನನ್ನು ನಿಲ್ಲಿಸಿದರೆ ಉಳಿದವರ ಕೆಲಸ ಕೆಡುವುದಿಲ್ಲ.

ಹಾಗೆಂದು, ಲೋಟ ತೊಳೆಯುವವನು ಕೊನೆಯವರೆಗೂ ಲೋಟವನ್ನೇ ತೊಳೆಯಲೆಂದು ನಾವು ಹೇಳುವುದಿಲ್ಲ. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ಕೈಕೆಲಸದಿಂದ ಮೇಲೆ ಬಂದು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದರು. ಒಂದು ವಿದ್ಯೆ ಕೈಗೆ ಹತ್ತಿದ ಮೇಲೆ ಮತ್ತೊಂದು. ಇದು ನಮ್ಮ ಹೊಟೇಲುಗಳ ಹಳೆಯ ಪಾಠ. ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತರೂ ಹಿರಿಯರು ಕಾವಲಿಯ ಮುಂದೆ ಕಲಿತ ಈ ಪಾಠವನ್ನು ಅವರಿಗೆ ಹೇಳಿಕೊಡಲು ಸಂಕೋಚಪಡಬೇಕಾಗಿಲ್ಲ.